ಒಂದೇ ಸದ್ದಿನ ಡೈ

೧೯೯೭ರಲ್ಲಿ, ಒಂಬತ್ತನೇ ತರಗತಿಯ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. ಗಣಿತದಲ್ಲಿ ಆಗಷ್ಟೇ ವೃತ್ತದ ಪಾಠ ಶುರುವಾಗಿತ್ತು. ವ್ಯಾಸ ಅಂದರೇನು ಅನ್ನುವವರೆಗೆ ಬೆಂಚಿನ ಮೇಲೆ ಕೂತಿದ್ದೆ. ಮೇಷ್ಟ್ರು ಸುತ್ತಳತೆಗೆ ಬರುವ ಹೊತ್ತಿಗೆ ನಾನು ಅಂಬಾಜಿದುರ್ಗದ ಬುಡದ ನಮ್ಮ ಊರು ಬಿಟ್ಟು, ಗೌರಿಬಿದನೂರಿನ ಪ್ರೆಸ್ ಶಾಪೊಂದರಲ್ಲಿ ತಗಡು ಹೊರುತ್ತಿದ್ದೆ. ಬಿಟ್ಟುಬಂದ ಆ ಅರ್ಧ ಪಾಠ ಇಷ್ಟು ವರ್ಷದ ಮೇಲೆ ಹುಡುಕಿಕೊಂಡು ಬಂದು ಎದುರಿಗೆ ನಿಲ್ಲುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಈಗ ಅದೇ ಗೌರಿಬಿದನೂರಿನಲ್ಲಿ ನನ್ನದೇ ಒಂದು ಶೆಡ್ಡಿದೆ. ಅದರಲ್ಲಿ ಐವತ್ತು ಟನ್ನಿನ ಒಂದು ಪವರ್ ಪ್ರೆಸ್. ಪ್ರೆಸ್ಸಿಗೆ ಡೈ ಬೇಕು, ಅಂದರೆ ಉಕ್ಕಿನ ಅಚ್ಚು. ಅದರ ಮೇಲಿನ ಅರ್ಧದಲ್ಲಿ ಬೆರಳುದ್ದದ ಉಕ್ಕಿನ ಕಡ್ಡಿಗಳನ್ನು ಕೂರಿಸಿರುತ್ತಾರೆ, ಅವು ಪಂಚುಗಳು. ಕೆಳಗಿನ ಅರ್ಧದಲ್ಲಿ ಆ ಪಂಚುಗಳು ಇಳಿಯುವಷ್ಟೇ ಅಳತೆಯ ತೂತುಗಳು. ನಡುವೆ ತಗಡು ಇಟ್ಟು ಪ್ರೆಸ್ ಹೊಡೆದರೆ ಪಂಚು ಇದ್ದ ಕಡೆಯೆಲ್ಲ ತೂತು ಬೀಳುತ್ತದೆ. ಕೇಳುವುದಕ್ಕೆ ಸುಲಭ. ಡೈ ಮಾಡುವ ಕೈ ಮಾತ್ರ ಎಲ್ಲರಿಗೂ ಬರುವುದಿಲ್ಲ.

ನನಗೆ ಡೈ ಮಾಡಿಕೊಡುತ್ತಿದ್ದವನು ಚಿಕ್ಕಬಳ್ಳಾಪುರದ ನನ್ನ ಗೆಳೆಯ. ತಗಡು ಹೊರುವ ಕಾಲದಿಂದ ಜೊತೆಗಿದ್ದವನು. ನಾನು ಅವನನ್ನು ಭಾಯ್ ಅನ್ನುತ್ತಿದ್ದೆ. ಅವನು ನನ್ನನ್ನು ದೊರೆ ಅನ್ನುತ್ತಿದ್ದ. ಪ್ರೀತಿಗಲ್ಲ, ನಾನು ಯಾರ ಹತ್ತಿರವೂ ಏನೂ ಕೇಳುವುದಿಲ್ಲ ಅನ್ನುವುದಕ್ಕೆ ಇಟ್ಟ ಹೆಸರು.

ಕೆಲಸ ಬಂದದ್ದು ಶಿಡ್ಲಘಟ್ಟದಿಂದ. ಅಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕ ನಡೆಸುವ ಅಮ್ಮ ಒಬ್ಬರಿದ್ದಾರೆ. ಗೂಡು ಬೇಯಿಸಲು ತೂತಿನ ತಟ್ಟೆ ಬೇಕಾಗುತ್ತದೆ. ಅಲ್ಯೂಮಿನಿಯಂ ತಟ್ಟೆಗಳನ್ನು ನಾವೇ ಮಾಡಿಕೊಡುತ್ತಿದ್ದೆವು. ಒಂದು ದಿನ ಹಳೆಯ ತಟ್ಟೆಯೊಂದನ್ನು ತಂದು ಪ್ರೆಸ್ಸಿನ ಮೇಲಿಟ್ಟು ಹೇಳಿದರು:

"ನೋಡಪ್ಪಾ ಇದರ ಮುಖಾನ. ಬಿಸಿನೀರು, ಸೋಡಾ, ಎಲ್ಲಾ ಸೇರಿ ತಿಂದಾಕಿಬಿಟ್ಟವೆ. ಅಂಚು ಎದ್ದು ನಮ್ ಹೆಣ್ಮಕ್ಕಳ ಕೈ ಕುಯ್ತದೆ. ಸ್ಟೀಲ್‌ದು ಮಾಡ್ಕೊಡ್ತೀಯಾ?"

"ಮಾಡ್ಕೊಡ್ತೀವಮ್ಮ."

"ತೂತು ನೈಸಾಗಿರ್ಬೇಕು. ಒಂದು ಎಳೆ ಸಿಕ್ಕಾಕ್ಕೊಂಡ್ರೂ ತಟ್ಟೆ ವಾಪಸ್ ನಿನ್ ಶೆಡ್ಡಿಗೇ. ಆಮೇಲೆ ಅಮ್ಮ, ತಾಯಿ ಅನ್ಬೇಡ."

ಊಟದ ತಟ್ಟೆಯಷ್ಟು ಅಗಲ, ಒಂದು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲು, ನಾಲ್ಕು ಮಿಲಿ ವ್ಯಾಸದ ತೊಂಬತ್ತು ತೂತು, ಒಂದೇ ಏಟಿಗೆ. ಭಾಯ್‌ಗೆ ಹೇಳಿದೆ. ಅವನು ತುಟಿ ಓರೆ ಮಾಡಿ ನಕ್ಕ.

"ನಮ್ ಪ್ರೆಸ್ಸು ಮೂರು ಮಿಲಿ ಕಬ್ಬಿಣಕ್ಕೇ ತೂತು ಹಾಕೈತೆ. ಒಂದು ಮಿಲಿ ಸ್ಟೀಲು ಏನ್ ಮಹಾ?"

ನಾನೂ ಹಾಗೇ ಅಂದುಕೊಂಡೆ. ನಮ್ಮ ಸಾಲಿನ ಶೆಡ್ಡುಗಳಲ್ಲಿ ಎಲ್ಲರೂ ಮಾತಾಡುವುದು ದಪ್ಪದ ಮೇಲೆಯೇ. ತಗಡಿನ ಅಂಚನ್ನು ಹೆಬ್ಬೆರಳಲ್ಲಿ ತೀಡಿ, 'ಹೋಗುತ್ತೆ' ಅಥವಾ 'ಹೋಗಲ್ಲ' ಅನ್ನುವುದು. ಆ ಮೂರು ಮಿಲಿ ಕಬ್ಬಿಣಕ್ಕೆ ನಾವು ಹಾಕಿದ್ದು ನಾಲ್ಕೇ ತೂತು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಭಾಯ್ ಈ ಡೈಗೆ ಕೂತ ಹಾಗೆ ಯಾವ ಡೈಗೂ ಕೂತಿರಲಿಲ್ಲ. ಮನೆಯ ಹಿಂದಿನ ಸಣ್ಣ ಕೋಣೆಯೇ ಅವನ ಕಾರ್ಖಾನೆ. ಪಂಚುಗಳನ್ನು ಕಾಯಿಸಿ ಗಟ್ಟಿ ಮಾಡಿಸಿಕೊಂಡು ಬಂದು, ಒಂದೊಂದರ ಮುಖವನ್ನೂ ಕನ್ನಡಿಯ ಹಾಗೆ ತಿಕ್ಕಿದ. ಕಣ್ಣು ಮೊದಲಿನಂತೆ ಇರಲಿಲ್ಲ, ಭೂತಗನ್ನಡಿ ಹಿಡಿದೇ ಮಾಡಿದ. "ಇದೇ ಕೊನೇದು ದೊರೆ, ಇನ್ನು ಮೇಲೆ ರಿಪೇರಿ ಅಷ್ಟೇ" ಅನ್ನುತ್ತಿದ್ದ. ಆ ಮಾತನ್ನು ಪ್ರತಿ ಡೈಗೂ ಹೇಳುತ್ತಿದ್ದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನದೊಂದು ಪದ್ಧತಿ. ಡೈ ಕೊಡುವ ಮುಂಚೆ ಅದನ್ನು ನನ್ನ ಶೆಡ್ಡಿಗೆ ತಂದು ಪ್ರೆಸ್ಸಿಗೆ ಕಟ್ಟಿ, ಮೋಟಾರ್ ಹಾಕದೆ, ಗಾಳಿಪಟದ ತೆಳು ಕಾಗದ ಒಂದನ್ನು ನಡುವೆ ಇಟ್ಟು, ಪ್ರೆಸ್ಸಿನ ದೊಡ್ಡ ಚಕ್ರ ಫ್ಲೈವೀಲನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಪಂಚುಗಳು ಕಾಗದವನ್ನು ಮುಟ್ಟಿದ ಕ್ಷಣಕ್ಕೆ ನಿಲ್ಲಿಸಿ, ಕಾಗದ ಎಳೆದು ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದ. ಒಂದು ಪಂಚು ಕೂದಲೆಳೆ ಗಿಡ್ಡವಿದ್ದರೂ ಅಲ್ಲಿ ತೂತು ಪೂರ್ತಿ ಬಿದ್ದಿರುವುದಿಲ್ಲ. ಹಾಗಾದರೆ ಡೈ ಬಿಚ್ಚಿ ಮೊದಲಿನಿಂದ ಶುರು. ಅವನ ಡೈಗಳು ಪ್ರೆಸ್ಸಿನಲ್ಲಿ ಒಂದೇ ಸದ್ದು ಮಾಡುತ್ತಿದ್ದವು. ಧಡ್. ಅಷ್ಟೇ, ಹಿಂದೆ ಮುಂದೆ ಏನಿಲ್ಲ. ಬೇರೆಯವರ ಡೈ ಗಡಗಡ ಅಂದರೆ, "ಏನದು, ಪಾತ್ರೆ ಬಿತ್ತಾ?" ಅಂತ ಅಣಕಿಸುತ್ತಿದ್ದ.

ಈ ಡೈಯ ಕಾಗದವನ್ನು ಅವನು ಬೆಳಕಿಗೆ ಹಿಡಿದಾಗ ನಾನು ಪಕ್ಕದಲ್ಲಿದ್ದೆ. ಗುಲಾಬಿ ಬಣ್ಣದ ಕಾಗದ. ತೊಂಬತ್ತೂ ಒಟ್ಟಿಗೆ ಬಾಯಿ ಬಿಟ್ಟಿದ್ದವು.

"ನೋಡು ದೊರೆ. ತೊಂಬತ್ತು ಜನ. ಒಬ್ನೂ ಲೇಟ್ ಇಲ್ಲ."

ಮಾರನೇ ದಿನ ಬೆಳಿಗ್ಗೆ ಅವನ ಹೆಂಡತಿ, ನಮ್ಮ ಭಾಭಿ, ಫೋನ್ ಮಾಡಿದರು. ಹಲ್ಲುಜ್ಜುವಾಗ ಬ್ರಷ್ಷು ಕೈಯಿಂದ ಬಿತ್ತಂತೆ. ಬಗ್ಗಿ ಎತ್ತಿಕೊಳ್ಳಲು ಹೋದವನು ಏಳಲಿಲ್ಲ. ಲಕ್ವ. ಬಲಗೈ, ಬಲಗಾಲು ಎರಡೂ ಹೋಗಿದ್ದವು. ಮಾತು ಉಳಿದಿತ್ತು, ಎಳೆದೆಳೆದು ಬರುತ್ತಿತ್ತು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಮೊದಲು ಕೇಳಿದ್ದು, "ಓಡ್ತಾ?"

ಡೈ ಓಡಿತಾ ಅಂತ.

"ಶೀಟ್ ಬಂದಿಲ್ಲ ಭಾಯ್. ಬಂದ ತಕ್ಷಣ."

ಶೀಟು ಬಂತು. ತಟ್ಟೆಯ ಅಳತೆಗೆ ಕತ್ತರಿಸಿ, ಎಣ್ಣೆ ಸವರಿ, ಡೈ ಮೇಲಿಟ್ಟು, ಪೆಡಲ್ ತುಳಿದೆ. ಧಡ್ ಅನ್ನಲಿಲ್ಲ. ಗೋಣಿಚೀಲ ಮೇಲಿಂದ ಬಿದ್ದಂಥ ಒಂದು ಮಂಕು ಸದ್ದು. ಫ್ಲೈವೀಲು ನಿಂತಿತು, ಬೆಲ್ಟು ಕಿರುಚಿ ಹೊಗೆ ಬಂತು. ಓಡಿಹೋಗಿ ಮೋಟಾರ್ ಆರಿಸಿದೆ. ಡೈಯ ಮೇಲಿನ ಅರ್ಧವನ್ನು ಹೊತ್ತು ಇಳಿದ ರ‍್ಯಾಮು ಕೆಳತುದಿಗೆ ಒಂದು ಕೂದಲು ಬಾಕಿ ಇರುವಾಗ ಕಚ್ಚಿಕೊಂಡು ನಿಂತಿತ್ತು. ಕೆಳಗೂ ಹೋಗದು, ಮೇಲೂ ಬರದು. ಪ್ರೆಸ್ಸಿನ ದೊಡ್ಡ ಕಬ್ಬಿಣದ ಚೌಕಟ್ಟು ಬಾಯಿ ತೆರೆದ ಹಾಗೆ ಸ್ವಲ್ಪ ಅಗಲವಾಗಿದ್ದುದು ಕಣ್ಣಿಗೇ ಕಾಣುತ್ತಿತ್ತು.

ಉದ್ದನೆಯ ಪೈಪು ಹಾಕಿ ಫ್ಲೈವೀಲನ್ನು ಹಿಂದಕ್ಕೆ ಎಳೆದೆವು. ನಾನು, ಪಕ್ಕದ ಶೆಡ್ಡಿನ ವೆಲ್ಡಿಂಗಿನವನು, ಅವನ ತಮ್ಮ. ಮೂರು ಜನರ ಭಾರ ಬಿದ್ದ ಮೇಲೆ ಒಂದು ಏಟಿನ ಸದ್ದಿನೊಂದಿಗೆ ಬಿಟ್ಟುಕೊಂಡಿತು. ಚೌಕಟ್ಟಿಗೆ ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿ ಕಾದೆ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಮೂಡಲಿಲ್ಲ. ಆಮೇಲೆ ಡೈ ಬಿಚ್ಚಿದೆ. ಭಾಯ್‌ನ ಪಂಚು ಒಂದೂ ಮುರಿದಿರಲಿಲ್ಲ, ಒಂದರ ಅಂಚೂ ಹಾರಿರಲಿಲ್ಲ. ತಗಡಿನಲ್ಲಿ ತೊಂಬತ್ತು ಗುಳಿಗಳಿದ್ದವು. ಎಲ್ಲವೂ ಒಂದೇ ಆಳ. ಒಂದೂ ತೂತಾಗಿರಲಿಲ್ಲ.

ಇನ್ನೊಂದು ಸಲ ಹೊಡೆದರೆ ಪ್ರೆಸ್ ಸೀಳುತ್ತದೆ ಅನ್ನುವುದು ಗೊತ್ತಿತ್ತು. ಹೊಡೆಯದಿದ್ದರೆ ಡೈ ಗುಜರಿಗೆ. ಅವನ ಕೈಯಿಂದ ಇನ್ನೊಂದು ಡೈ ಬರುವುದಿಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು. ಹಾಗಾದರೆ ಅವನು ಮಾಡಿದ ಕೊನೆಯ ಡೈ ಒಂದು ತೂತನ್ನೂ ಹಾಕದೆ ಹೋದ ಹಾಗಾಗುತ್ತದೆ. ನನಗೆ ಇದ್ದದ್ದು ಅದೊಂದೇ ಚಿಂತೆ. ತಟ್ಟೆಯ ಕೆಲಸ ಹೋದರೆ ಇನ್ನೊಂದು ಬರುತ್ತದೆ.

ನೂರು ಟನ್ನಿನ ಪ್ರೆಸ್ ಇರುವ ಫ್ಯಾಕ್ಟರಿಯ ಗೇಟಿಗೆ ಹೋಗಿ ನಿಂತೆ. ಹೊರಗಿನವರ ಡೈ ಕಟ್ಟುವುದಿಲ್ಲ ಅಂದರು. ಅರ್ಧದಷ್ಟು ಪಂಚುಗಳನ್ನು ತೆಗೆದು, ತಗಡು ತಿರುಗಿಸಿ ಎರಡು ಏಟು ಹೊಡೆಯೋಣ ಅಂತ ರಟ್ಟಿನ ಮೇಲೆ ಮಾಡಿ ನೋಡಿದೆ. ತಿರುಗಿಸುವಾಗ ಕೂದಲೆಳೆ ಜರುಗಿದರೂ ತೂತಿನ ಮೇಲೆ ತೂತು ಹತ್ತಿ ಅಂಚು ಹಲ್ಲು ಹಲ್ಲಾಗುತ್ತಿತ್ತು. ರೇಷ್ಮೆ ಎಳೆ ಅದನ್ನು ಕ್ಷಮಿಸುವುದಿಲ್ಲ.

ಕೊನೆಗೆ ಚಿಂತಾಮಣಿಗೆ ಹೋದೆ. ಅಲ್ಲಿ ಐಟಿಐಯಲ್ಲಿ ಪಾಠ ಹೇಳುವ ಮೇಡಂ ಒಬ್ಬರಿದ್ದಾರೆ, ನಮ್ಮ ಊರಿನ ಕಡೆಯವರು. ಅವರ ಮೇಜಿನ ಮುಂದೆ ಕೂರುವಾಗ ನನಗಾದ ಸಂಕಟ ನನಗೇ ಗೊತ್ತು. ಕೂದಲು ನೆರೆತ ಮೇಲೆ ಮತ್ತೆ ಒಂಬತ್ತನೇ ಕ್ಲಾಸಿಗೆ ಬಂದ ಹಾಗಿತ್ತು.

"ಮನೇಲಿ ಕಡುಬಿಗೆ ಹಿಟ್ಟು ಲಟ್ಟಿಸಿ, ಲೋಟ ಬೋರ್ಲಾಕಿ ಒತ್ತಿ ಕತ್ತರಿಸ್ತಾರಲ್ಲ ಅಣ್ಣ, ಕತ್ತರಿಸೋದು ಲೋಟದ ಯಾವ ಭಾಗ?"

"ಅಂಚು."

"ಅಷ್ಟೇ. ಮಧ್ಯದ್ದೇನೂ ಕೆಲ್ಸ ಇಲ್ಲ. ಅಂಚು ಎಷ್ಟು ಉದ್ದ, ಹಿಟ್ಟು ಎಷ್ಟು ದಪ್ಪ, ಹಿಟ್ಟು ಎಷ್ಟು ಗಟ್ಟಿ. ಈ ಮೂರನ್ನ ಗುಣಿಸಿದ್ರೆ ಬೇಕಾದ ಬಲ ಬರುತ್ತೆ. ನಿಮ್ ತೂತಿನ ಅಂಚು ಎಷ್ಟುದ್ದ?"

ನನಗೆ ವ್ಯಾಸ ಗೊತ್ತು, ನಾಲ್ಕು ಮಿಲಿ. ಸುತ್ತಳತೆಯ ಪಾಠದ ಹೊತ್ತಿಗೆ ನಾನು ತಗಡು ಹೊರಲು ಹೋಗಿದ್ದೆ. ಅವರು ಬರೆದು ತೋರಿಸಿದರು. ವ್ಯಾಸದ ಮೂರು ಪಟ್ಟಿಗೆ ಸ್ವಲ್ಪ ಮೇಲೆ, ಹನ್ನೆರಡೂವರೆ ಮಿಲಿ. ದಪ್ಪ ಒಂದು ಮಿಲಿ. ಇನ್ನು ಗಟ್ಟಿ ಎಷ್ಟು ಅನ್ನುವುದು ಲೋಹದ ಮೇಲೆ ನಿಂತಿರುತ್ತದೆ. ಒಂದು ಚದರ ಮಿಲಿಮೀಟರ್ ಕತ್ತರಿಸಲು ಅಲ್ಯೂಮಿನಿಯಂಗೆ ಹತ್ತು ಕೆಜಿ ಬಲ ಸಾಕು, ಕಬ್ಬಿಣಕ್ಕೆ ಮೂವತ್ತೈದು ಬೇಕು, ಸ್ಟೇನ್‌ಲೆಸ್‌ಗೆ ಐವತ್ತು. ಹನ್ನೆರಡೂವರೆಯನ್ನು ಒಂದರಿಂದ, ಅದನ್ನು ಐವತ್ತರಿಂದ ಗುಣಿಸಿದರೆ ಆರುನೂರ ಇಪ್ಪತ್ತೈದು ಕೆಜಿ. ಇದು ಒಂದು ತೂತಿಗೆ. ತೊಂಬತ್ತು ತೂತಿಗೆ ಐವತ್ತಾರು ಟನ್ನಿನ ಮೇಲೆ. ನನ್ನದು ಐವತ್ತು ಟನ್ನಿನ ಪ್ರೆಸ್, ಅದರಲ್ಲೂ ನಲವತ್ತರ ಮೇಲೆ ಹೊಡೆಯಬಾರದು. ಅಲ್ಯೂಮಿನಿಯಂ ಆಗಿದ್ದರೆ ಹನ್ನೊಂದು ಟನ್ನಿಗೆ ಮುಗಿಯುತ್ತಿತ್ತು.

"ಇದು ಎಲ್ಲಾ ಪಂಚೂ ಒಂದೇ ಕ್ಷಣಕ್ಕೆ ಮುಟ್ಟಿದ್ರೆ ಮಾತ್ರ" ಅಂದರು ಮೇಡಂ. "ಸಾಮಾನ್ಯವಾಗಿ ಅಷ್ಟು ಕರೆಕ್ಟಾಗಿ ಯಾರ ಡೈಯಲ್ಲೂ ಇರಲ್ಲ. ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ, ಬಲ ಹಂಚಿಹೋಗುತ್ತೆ."

"ಇದರಲ್ಲಿ ಹೆಚ್ಚುಕಮ್ಮಿ ಇಲ್ಲ ಮೇಡಂ."

"ಹಾಗಾದ್ರೆ ನೀವೇ ಮಾಡ್ಬೇಕು. ಮೂವತ್ತು ಉದ್ದ, ಮೂವತ್ತು ಒಂದು ಮಿಲಿ ಗಿಡ್ಡ, ಮೂವತ್ತು ಇನ್ನೂ ಒಂದು ಮಿಲಿ ಗಿಡ್ಡ. ಮೊದಲ್ನೇ ಗುಂಪು ಕತ್ತರಿಸಿ ಮುಗಿಸಿದ ಮೇಲೆ ಎರಡನೇದು ಮುಟ್ಟುತ್ತೆ. ಒಂದೊಂದು ಸಲಕ್ಕೆ ಹತ್ತೊಂಬತ್ತು ಟನ್ ಸಾಕು. ಒಂದು ವಿಷ್ಯ ನೆನಪಿಟ್ಕೊಳಿ. ಮೊದಲ ಗುಂಪು ಈಗ ಕೆಳತುದಿಗಿಂತ ನಾಲ್ಕು ಮಿಲಿ ಮೇಲೇ ತಗಡು ಮುಟ್ಟುತ್ತೆ. ಅಷ್ಟು ಮೇಲೆ ನಿಮ್ ಪ್ರೆಸ್ಸಿಗೆ ಪೂರ್ತಿ ಬಲ ಇರಲ್ಲ. ಹತ್ತೊಂಬತ್ತಕ್ಕೆ ಸಾಕಾಗುತ್ತೆ ಅನ್ಸುತ್ತೆ. ಪ್ರೆಸ್ ನಿಮಗೇ ಚೆನ್ನಾಗಿ ಗೊತ್ತು."

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಬಗೆಹರಿದ ಸಮಾಧಾನ ಇರಲಿಲ್ಲ. ನಾನು ಗ್ರೈಂಡರಿಗೆ ಹಿಡಿದು ಸವೆಸಬೇಕಾದದ್ದು ಅವನು ಭೂತಗನ್ನಡಿಯಲ್ಲಿ ಒಂದೇ ಎತ್ತರಕ್ಕೆ ತಂದ ಪಂಚುಗಳನ್ನು. ಅವನಿಗೆ ಹೇಳದೆ ಮಾಡಬಹುದಿತ್ತು. ಅವನು ಎದ್ದು ಬಂದು ನೋಡುವ ಹಾಗಿರಲಿಲ್ಲ. ಆದರೆ ಹೇಳದೆ ಅವನ ಡೈಗೆ ಕೈ ಹಾಕುವುದು ನನ್ನಿಂದಾಗದು. ಚಿಕ್ಕಬಳ್ಳಾಪುರದಲ್ಲಿ ಬಸ್ ಇಳಿದೆ.

ಮನೆಯಲ್ಲಿ ಅವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೇಳಿದ: "ಓಡ್ತಾ?"

"ಇಲ್ಲ ಭಾಯ್. ಕಚ್ಕೊಂಡು ನಿಂತೋಯ್ತು."

ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನ ಮುಖದ ಸರಿಯಿದ್ದ ಅರ್ಧವೂ ಬಿಗಿದುಕೊಂಡಿತು.

"ನನ್ ಕೈ ಹೋಯ್ತು. ಈಗ ಪಂಚೂ ಕುಯ್ಯಕ್ಕೆ ಬಂದ್ಯಾ ದೊರೆ?"

"ಕುಯ್ಯಲ್ಲ ಭಾಯ್, ಸ್ವಲ್ಪ..."

"ಗುಜರಿಗೆ ಹಾಕು. ಗಡಗಡ ಅನ್ನೋ ಡೈ ನಂದಲ್ಲ."

ಮುಖ ತಿರುಗಿಸಿದ. ಭಾಭಿ ಚಹಾ ತಂದಿಟ್ಟು, "ಕೂತ್ಕೋ ಅಣ್ಣ, ಈಗ ಎಲ್ಲದಕ್ಕೂ ಹೀಗೇ" ಅಂತ ಮೆಲ್ಲಗೆ ಹೇಳಿ ಒಳಗೆ ಹೋದರು. ಚಹಾ ಆರಿತು. ನಾನು ಎದ್ದು ಹೋಗಲಿಲ್ಲ. ಕೊನೆಗೆ ಆ ಕಡೆಗೆ ತಿರುಗಿಯೇ ಕೇಳಿದ.

"ಎಷ್ಟು ಬೇಕಂತೆ?"

"ಐವತ್ತಾರು."

"ಒಂದೊಂದು ಪಂಚೂ ಒಂಚೂರು ಹಿಂದೆ ಮುಂದೆ ಇದ್ದಿದ್ರೆ?"

ನಾನು ಆರಿದ ಚಹಾ ಎತ್ತಿಕೊಂಡೆ. ಅವನೇ ಹೇಳಿದ.

"ಹೋಗ್ತಿತ್ತು. ಅಲ್ವಾ? ಆ ಪಾತ್ರೆ ಬೀಳಿಸೋರು ಮಾಡಿದ್ರೆ ಹೋಗ್ತಿತ್ತು."

ಇದನ್ನು ಅವನಿಗೆ ಯಾರೂ ಹೇಳಬಾರದಿತ್ತು ಅಂತ ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ. ಯಾರೂ ಹೇಳಲಿಲ್ಲ, ಅವನೇ ಕಂಡುಕೊಂಡ. ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲು ಬಲಗೈ ಏಳಲಿಲ್ಲ. ಎಡಗೈಗೆ ಅದು ಹೊಳೆಯಲಿಲ್ಲ. ನಾನು ನನ್ನ ಟವೆಲಿನಲ್ಲಿ ಒರೆಸಿದೆ.

ಆಮೇಲೆ ಒಳಗೆ ಕೂಗಿ ಕಡಲೆಕಾಯಿ ಬೀಜ ತರಿಸಿದ. ಹಾಸಿಗೆಯ ಮೇಲೆ ಎಡಗೈಯಿಂದ ಒಂದೊಂದೇ ಜೋಡಿಸತೊಡಗಿದ. ಸಿಪ್ಪೆ ಇರುವ ಬೀಜ ಉದ್ದದ ಪಂಚು, ಸಿಪ್ಪೆ ತೆಗೆದದ್ದು ನಡುವಿನದು, ಒಡೆದ ಬೇಳೆ ಗಿಡ್ಡದ್ದು. ಎಡಗೈಗೆ ಅಭ್ಯಾಸವಿಲ್ಲದೆ ಬೀಜ ಉರುಳುತ್ತಿತ್ತು. ನಾನು ಎತ್ತಿಡಲು ಹೋದರೆ ಕೈ ಮೇಲೆ ಹೊಡೆದ.

"ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಇಟ್ರೆ ರ‍್ಯಾಮ್ ವಾಲ್ತದೆ. ಸುತ್ತ ಸಮ ಇರ್ಬೇಕು. ನೋಡ್ಕೋ, ಮೂರ್ನೇ ಒಂದು ಭಾಗ ಇಡ್ತೀನಿ. ಉಳಿದಿದ್ದು ಎರಡು ಕಡೆನೂ ಹಿಂಗೇ. ಹೊರಗಿನ ಸುತ್ತಲ್ಲಿ ಸಿಪ್ಪೇದು, ಮಧ್ಯದಲ್ಲೂ ಸಿಪ್ಪೇದು."

ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

"ಸಿಪ್ಪೆ ಇರೋ ಮೂವತ್ತು ಮುಟ್ಬೇಡ."

"ಮುಟ್ಟಲ್ಲ."

"ನೀರು ಹರೀತಾ ಇರ್ಲಿ. ಗ್ರೈಂಡಿಂಗಲ್ಲಿ ಬಿಸಿಯಾಗಿ ಪಂಚು ನೀಲಿ ತಿರುಗಿದ್ರೆ ಗಟ್ಟಿತನ ಸತ್ತೋಗುತ್ತೆ. ಅವಸರ ಮಾಡ್ಬೇಡ ದೊರೆ. ನಿಂದು ಯಾವಾಗ್ಲೂ ಅವಸರ."

ಅರವತ್ತು ಪಂಚುಗಳನ್ನು ಬಿಡಿಸಿ, ಗ್ರೈಂಡರಿನ ಮೇಲೆ ಒಂದೊಂದಾಗಿ ನಿಲ್ಲಿಸಿ, ನೀರು ಬಿಟ್ಟು, ಕೂದಲೆಳೆ ಕೂದಲೆಳೆಯಾಗಿ ಇಳಿಸಿದೆ. ಕಲ್ಲು ಮೊದಲ ಸಲ ಮುಟ್ಟಿದ ಕೂಡಲೇ ಅವನು ಕೊಟ್ಟ ಕನ್ನಡಿ ಹೊಳಪು ಹೋಗಿ ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಪ್ರತಿ ಪಂಚಿಗೂ ಅದನ್ನು ನೋಡಬೇಕಿತ್ತು. ಎಷ್ಟೋ ಕೆಲಸ ಮಾಡಿದ್ದೇನೆ, ಕೈ ಕೊಯ್ದುಕೊಂಡಿದ್ದೇನೆ, ಸುಟ್ಟುಕೊಂಡಿದ್ದೇನೆ. ಇಷ್ಟು ನೋವಿನ ಕೆಲಸ ಮಾಡಿಲ್ಲ. ಒಂದೂ ನೀಲಿ ತಿರುಗಲಿಲ್ಲ.

ಬೀಜಗಳ ಫೋಟೋ ನೋಡಿ ಮತ್ತೆ ಕೂರಿಸಿದೆ. ಅವನ ಪದ್ಧತಿಯಂತೆ ಗಾಳಿಪಟದ ಕಾಗದ ಇಟ್ಟು ಫ್ಲೈವೀಲು ತಿರುಗಿಸಿದೆ. ಬೆಳಕಿಗೆ ಹಿಡಿದರೆ ಮೂವತ್ತೇ ತೂತು. ಉಳಿದ ಜಾಗ ಖಾಲಿ. ಆ ಕಾಗದವನ್ನು ಮುದ್ದೆ ಮಾಡಿ ಎಸೆದೆ. ಆಮೇಲೆ ತಗಡು ಇಟ್ಟು, ಭಾಯ್‌ಗೆ ಫೋನ್ ಮಾಡಿದೆ. ಭಾಭಿ ಅವನ ಕಿವಿಗೆ ಹಿಡಿದರು. ವೆಲ್ಡಿಂಗಿನವನ ಕೈಗೆ ಮೊಬೈಲ್ ಕೊಟ್ಟು ಪ್ರೆಸ್ಸಿನ ಪಕ್ಕ ನಿಲ್ಲಿಸಿ, ಪೆಡಲ್ ತುಳಿದೆ.

ದಪ್ಪ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿದರೆ ಬರುವ ಸದ್ದು. ಗರ್ರ್. ಮುಗಿಯಿತು. ಚೌಕಟ್ಟು ಅಲುಗಲಿಲ್ಲ, ಬೆಲ್ಟು ಕಿರುಚಲಿಲ್ಲ. ತಟ್ಟೆ ಎತ್ತಿದೆ. ತೊಂಬತ್ತು ತೂತು.

ಫೋನನ್ನು ಕಿವಿಗೆ ಹಿಡಿದೆ.

"ಎಲ್ರೂ ಒಟ್ಟಿಗೆ ಬರ್ತಿದ್ರು. ಮೂರು ಶಿಫ್ಟ್ ಮಾಡ್ಬಿಟ್ಟೆಯಲ್ಲೋ ದೊರೆ."

"ಹ್ಞೂ ಭಾಯ್."

"ತಟ್ಟೆ ಬಾಗೈತಾ?"

"ಇಲ್ಲ."

"ಬರ್?" ತೂತಿನ ಅಂಚಿನಲ್ಲಿ ಏಳುವ ಮುಳ್ಳಿಗೆ ಹಾಗನ್ನುತ್ತೇವೆ.

"ಉಗುರಿಗೆ ಸಿಗಲ್ಲ."

"ಇನ್ನೊಂದು ಸಲ ಹೊಡಿ."

ಹೊಡೆದೆ. ಗರ್ರ್.

"ಹಂಗಾದ್ರೆ ಓಡ್ಲಿ" ಅಂದ.

ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಭಾನುವಾರ ಕಾರು ಮಾಡಿಕೊಂಡು ಶೆಡ್ಡಿಗೆ ಕರೆತರುವುದು ಅಂತ ಭಾಭಿಯೂ ನಾನೂ ಮಾತಾಡಿಕೊಂಡಿದ್ದೆವು. ಶುಕ್ರವಾರ ಎರಡನೇ ಸಲ ಲಕ್ವ ಹೊಡೆಯಿತು. ಆಸ್ಪತ್ರೆಗೂ ತಲುಪಲಿಲ್ಲ. ಮಣ್ಣು ಮಾಡುವಾಗ ಅವನ ಅಣ್ಣ ನನ್ನನ್ನು ಮುಂದಕ್ಕೆ ಕರೆದು, ಮೂರು ಹಿಡಿ ಮಣ್ಣು ಹಾಕು ಅಂದರು. ಮೂರು ಹಿಡಿ ಹಾಕಿದೆ.

ಶಿಡ್ಲಘಟ್ಟದ ಅಮ್ಮ ತಟ್ಟೆಯ ತೂತುಗಳ ಮೇಲೆ ಒಂದು ರೇಷ್ಮೆ ಎಳೆಯನ್ನು ಎಳೆದಾಡಿಸಿ ನೋಡಿ, ಎಲ್ಲೂ ಸಿಕ್ಕಲಿಲ್ಲವೆಂದು ಖುಷಿಪಟ್ಟರು. "ಡೈ ಮಾಡ್ದೋನ್ ಕೈಗೆ ಬಂಗಾರದ ಬಳೆ ಹಾಕ್ಬೇಕು ಕಣಪ್ಪಾ" ಅಂದರು. ಅವನು ಇಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಮೊದಲ ತಟ್ಟೆಯನ್ನು ಭಾಭಿಗೆ ಕೊಟ್ಟೆ. ಅದರಲ್ಲಿ ಅನ್ನ ಬಸಿಯುತ್ತಾರಂತೆ.

ಡೈ ಈಗಲೂ ಓಡುತ್ತಿದೆ. ಮೊನ್ನೆ ತಟ್ಟೆಯೊಂದರ ಮೇಲೆ ಬೆರಳಾಡಿಸುವಾಗ ಬರ್ ಉಗುರಿಗೆ ಸಿಕ್ಕಿತು. ಪಂಚು ಮೊಂಡಾಗಿವೆ, ಸಾಣೆ ಹಿಡಿಯಬೇಕು. ಹಿಡಿಯುವುದಾದರೆ ಎತ್ತರದ ಲೆಕ್ಕ ತಪ್ಪದ ಹಾಗೆ ತೊಂಬತ್ತನ್ನೂ ಹಿಡಿಯಬೇಕು, ಅವನು ಮುಟ್ಟಬೇಡ ಅಂದ ಆ ಮೂವತ್ತನ್ನೂ. ಎರಡು ಸಲ ಡೈ ಬಿಚ್ಚಿ, ಎರಡು ಸಲವೂ ಹಾಗೇ ಕಟ್ಟಿಟ್ಟಿದ್ದೇನೆ.

ಈಗ ನನ್ನ ಹತ್ತಿರ ಇರುವುದು ಒಂದು ಪ್ರೆಸ್, ಒಂದು ಗ್ರೈಂಡರ್, ತೊಂಬತ್ತು ತೂತಿರುವ ಒಂದು ಗುಲಾಬಿ ಕಾಗದ, ಒಂದು ಡೈ. ಡೈಯಲ್ಲಿ ನಾನು ಸವೆಸಿದ ಪಂಚು ಅರವತ್ತು. ಅವನು ಬಿಟ್ಟ ಎತ್ತರದಲ್ಲೇ ಇರುವುದು, ಇವತ್ತಿಗೆ, ಮೂವತ್ತು.